ಹಾರದೆ ಇಳಿದು ಬಂದ ದಿನ

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್.)



ಹೆಡ್‌ಮಾಸ್ಟರು ಫೋನ್ ಮಾಡಿ, "ನೀನು ಅಮೆರಿಕದಲ್ಲಿ ವಿಮಾನದಿಂದ ಹಾರಿದ್ದೀಯಂತೆ, ಅದರ ಬಗ್ಗೆ ಮಾತಾಡು, ಮಕ್ಕಳಿಗೆ ಧೈರ್ಯ ಬರುತ್ತೆ" ಅಂದರು. ಒಪ್ಪಿಕೊಂಡೆ. ಆದರೆ ನಾನು ಹೇಳಲು ಬಂದಿರುವುದು ಹಾರಿದ ಕಥೆಯನ್ನಲ್ಲ. ಹಾರಲು ಹೋಗಿ, ವಿಮಾನದಲ್ಲೇ ಕೂತು ಕೆಳಗೆ ಬಂದ ಕಥೆ. ಈ ವಿಷಯ ನಮ್ಮ ಅಮ್ಮನಿಗೂ ಇವತ್ತೇ ಗೊತ್ತಾಗುತ್ತಿದೆ. ಅಗೋ, ಹೆಂಗಸರ ಸಾಲಿನಲ್ಲಿ ಕೂತಿದ್ದಾರೆ. ಅಮ್ಮ, ಬೈಯುವುದನ್ನು ಮನೆಗೆ ಹೋದಮೇಲೆ ಇಟ್ಟುಕೋ, ಈಗ ಕೇಳು.

ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ಮೈಸೂರು ದಸರೆಯಲ್ಲಿ ವಾಯುಪಡೆಯ ಆಕಾಶ ಗಂಗಾ ತಂಡದವರು ಪ್ಯಾರಾಚೂಟ್ ಬಿಚ್ಚಿಕೊಂಡು ಬನ್ನಿಮಂಟಪದ ಮೈದಾನಕ್ಕೆ ಇಳಿದದ್ದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದನ್ನೇ ಆಟವಾಗಿ ಮಾಡಿದರೆ ಸ್ಕೈಡೈವಿಂಗ್. ಹೆಣ್ಣುಮಕ್ಕಳು ಕೇಳಿಸಿಕೊಳ್ಳಿ, ನಮ್ಮ ದೇಶದ ಶೀತಲ್ ಮಹಾಜನ್ 2004ರಲ್ಲೇ ಉತ್ತರ ಧ್ರುವದ ಮೇಲೆ ಹಾರಿದವರು, 2011ರಲ್ಲಿ ಪದ್ಮಶ್ರೀ ಪಡೆದವರು.

ವಿಮಾನ ಸುಮಾರು 13,000 ಅಡಿ ಮೇಲಕ್ಕೆ ಹೋಗುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ, ಅದರ ಎರಡರಷ್ಟು. ಅಲ್ಲಿಂದ ಜಿಗಿದರೆ ಒಂದು ನಿಮಿಷದಷ್ಟು ಹೊತ್ತು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಬೀಳುತ್ತೇವೆ. ಆಮೇಲೆ ಪ್ಯಾರಾಚೂಟ್ ಬಿಚ್ಚಬೇಕು. ಬೆನ್ನಿನ ಚೀಲದಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು. ಆ ಎರಡನೆಯದನ್ನು ಲೈಸೆನ್ಸ್ ಇರುವ ಪರಿಣತರೇ ಮಡಿಸಿಡಬೇಕು. ಜೊತೆಗೆ ಒಂದು ಪುಟ್ಟ ಯಂತ್ರ ಇರುತ್ತದೆ. ನಾವು ಮೈಮರೆತು ಅಥವಾ ಪ್ರಜ್ಞೆ ತಪ್ಪಿ ಬೀಳುತ್ತಲೇ ಇದ್ದರೆ ಸುಮಾರು 750 ಅಡಿ ಎತ್ತರದಲ್ಲಿ ಅದು ತಾನೇ ಎರಡನೆಯ ಪ್ಯಾರಾಚೂಟನ್ನು ಬಿಚ್ಚುತ್ತದೆ.

ನಾನು ಅರಿಜೋನಾ ರಾಜ್ಯದಲ್ಲಿ ಕೆಲಸದಲ್ಲಿದ್ದಾಗ ಇದನ್ನು ಕಲಿತೆ. ಕಡಿಮೆ ಅಂದರೆ 25 ಸಲ ಹಾರಿ ಪರೀಕ್ಷೆ ಪಾಸಾದರೆ ಮೊದಲನೆಯ ಲೈಸೆನ್ಸ್ ಸಿಗುತ್ತದೆ. ನನ್ನದು 38 ಆಗಿತ್ತು. ಆಗ ಒಂದು ಬೂಗಿಗೆ ಹೋದೆ. ಬೂಗಿ ಅಂದರೆ ಹಾರುವವರ ಜಾತ್ರೆ ಅಂದುಕೊಳ್ಳಿ. ಚಳಿಗಾಲದಲ್ಲಿ ಬೇರೆ ಕಡೆ ಹಿಮ ಬೀಳುವಾಗ ಅರಿಜೋನಾದ ಮರುಭೂಮಿಯಲ್ಲಿ ಆಕಾಶ ತಿಳಿಯಾಗಿರುತ್ತದೆ. ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಡೇರೆ ಹಾಕುತ್ತಾರೆ, ಬೆಳಗಿನಿಂದ ಸಂಜೆವರೆಗೆ ವಿಮಾನ ಏರುತ್ತಾ ಇಳಿಯುತ್ತಾ ಇರುತ್ತದೆ. ಯಾವ ಜಾಗ, ಯಾರು ನಡೆಸಿದ್ದು ಅಂತ ಹೇಳುವುದಿಲ್ಲ. ದೂರು ಕೊಡಲು ನಾನು ಬಂದಿಲ್ಲ.

ನೂರಾರು ಜನರ ನಡುವೆ ನಾನು ಬೆನ್ನಿಗೆ ಚೀಲ ಹಾಕಿಕೊಂಡು ಎರಡು ಗಂಟೆ ಹೊತ್ತು ಸುಮ್ಮನೆ ನಿಂತಿದ್ದೆ. ಹಣ ಕಟ್ಟಿಸಿಕೊಂಡರು, ಕೈಗೆ ಪಟ್ಟಿ ಕಟ್ಟಿದರು, ಅಷ್ಟೇ. ಎಲ್ಲರೂ ಎಲ್ಲರಿಗೂ ಗೊತ್ತಿರುವವರಂತೆ ತಬ್ಬಿಕೊಂಡು ನಗುತ್ತಿದ್ದರು. ನನಗೆ ನೆನಪಾದದ್ದು ಈ ಶಾಲೆ. ನಾನು ಪಕ್ಕದ ಸಣ್ಣ ಹಳ್ಳಿಯಲ್ಲಿ ಏಳನೇ ಕ್ಲಾಸ್ ಮುಗಿಸಿ ಎಂಟಕ್ಕೆ ಇಲ್ಲಿಗೆ ಸೇರಿದವನು. ಮೊದಲ ದಿನ ಆ ಬೇವಿನ ಮರದ ಕೆಳಗೆ ಹೀಗೇ ಚೀಲ ಹಿಡಿದು ನಿಂತಿದ್ದೆ. ಆಗ ಒಬ್ಬ ಹುಡುಗ ಕಿಟಕಿಯಿಂದ ಕೂಗಿದ, "ಬಾರ್ಲಾ ಇಲ್ಲಿ, ಜಾಗ ಐತೆ." ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೊನೆಗೆ ಒಂದು ಗುಂಪಿನವರು, "ಎಂಟು ಜನ ಗಾಳಿಯಲ್ಲಿ ಕೈಕೈ ಹಿಡಿದು ವೃತ್ತ ಮಾಡುತ್ತೇವೆ, ಒಬ್ಬ ಕಡಿಮೆ ಇದ್ದಾನೆ, ಬರುತ್ತೀಯಾ?" ಅಂದರು. ನಾನು ಅದುವರೆಗೆ ಮೂವರಿಗಿಂತ ಹೆಚ್ಚು ಜನರ ಜೊತೆ ಹಾರಿದವನಲ್ಲ. ಆದರೂ ಬರುತ್ತೇನೆ ಅಂದೆ. ಎಷ್ಟು ಸಲ ಹಾರಿದ್ದೀಯ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಣಿತದ ಕ್ಲಾಸಿನಲ್ಲಿ "ಅರ್ಥ ಆಯ್ತೇನ್ರೋ?" ಅಂದಾಗ ಅರ್ಥವಾಗದಿದ್ದರೂ "ಆಯ್ತು ಸಾರ್" ಅನ್ನುತ್ತಿದ್ದೆವಲ್ಲ, ಅದೇ ಬುದ್ಧಿ. ನನ್ನ ಹಾಗೇ ಹೊಸಬನಾದ ಇನ್ನೊಬ್ಬ ಹುಡುಗನೂ ಆ ಗುಂಪಿನಲ್ಲಿದ್ದ. ಅವನೂ ಹೂಂ ಅಂದಿದ್ದ.

ವಿಮಾನ ಏರಿತು. ಕೆಳಗೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಬೆಳಿಗ್ಗೆಗಿಂತ ಬಿಗಿಯಾಗಿ ಹಾರಾಡುತ್ತಿದ್ದುದನ್ನು ಹತ್ತುವಾಗಲೇ ನೋಡಿದ್ದೆ. 9,000 ಅಡಿ ದಾಟಿದ ಮೇಲೆ ನನ್ನ ಕೈ ಬೆವರಿತು. ಹೆದರಿಕೆ ಪ್ರತಿ ಸಲವೂ ಇರುತ್ತದೆ, ಅದು ಬೇರೆ. ಈ ಸಲ ಗಾಳಿಯಲ್ಲಿ ನಾನು ಮಾಡಬೇಕಾದ ಕೆಲಸ ಏನು ಅನ್ನುವುದೇ ತಲೆಯಲ್ಲಿ ಸ್ಪಷ್ಟವಾಗಿರಲಿಲ್ಲ. ಪಕ್ಕದಲ್ಲಿ ಬೇರೆ ಗುಂಪಿನ ಹೆಂಗಸೊಬ್ಬರು ಕೂತಿದ್ದರು. ಅರವತ್ತು ದಾಟಿದ ವಯಸ್ಸು. ನನ್ನ ಮುಖ ನೋಡಿ, "ಇವತ್ತು ಬೇಡ ಅನ್ನಿಸುತ್ತಿದೆಯಾ?" ಅಂದರು. ತಲೆಯಾಡಿಸಿದೆ. "ಹಾಗಾದರೆ ಬೇಡ. ನಾನೂ ಎಷ್ಟೋ ಸಲ ವಿಮಾನದಲ್ಲೇ ಇಳಿದಿದ್ದೇನೆ" ಅಂದು, ಪೈಲಟ್‌ಗೆ ತಾವೇ ಕೂಗಿ ಹೇಳಿದರು. ಎಲ್ಲರೂ ಒಬ್ಬೊಬ್ಬರಾಗಿ ಬಾಗಿಲಿನಿಂದ ಮಾಯವಾದರು. ಬಾಗಿಲು ಮುಚ್ಚಿತು. ಖಾಲಿ ವಿಮಾನದಲ್ಲಿ ಬೆಲ್ಟ್ ಹಾಕಿಕೊಂಡು ನಾನೊಬ್ಬನೇ ಕೂತು ಕೆಳಗೆ ಬಂದೆ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ.

ಇಳಿದಾಗ ಮೈದಾನದ ಅಂಚಿನಲ್ಲಿ ಜನ ಓಡುತ್ತಿದ್ದರು. ಆ ಇನ್ನೊಬ್ಬ ಹೊಸ ಹುಡುಗ ಬಿದ್ದಿದ್ದ. ಅವನ ಪ್ಯಾರಾಚೂಟ್ ಸರಿಯಾಗಿಯೇ ಬಿಚ್ಚಿಕೊಂಡಿತ್ತು. ಆದರೆ ಇಳಿಯುವ ಹೊತ್ತಿಗೆ ತಾನು ಗಾಳಿಯ ಜೊತೆಗೇ ಓಡುತ್ತಿದ್ದೇನೆ ಅಂತ ಗೊತ್ತಾಗಿ, ನೆಲ ಹತ್ತಿರವಿದ್ದಾಗ ಗಾಬರಿಯಿಂದ ಒಂದು ಕಡೆಯ ಹಿಡಿಕೆಯನ್ನು ಜೋರಾಗಿ ಎಳೆದುಬಿಟ್ಟ. ಹಾಗೆ ಎಳೆದರೆ ಪ್ಯಾರಾಚೂಟ್ ತಿರುಗುವುದರ ಜೊತೆಗೆ ಕೆಳಕ್ಕೂ ನುಗ್ಗುತ್ತದೆ. ಮೇಲೆ ಸಾಕಷ್ಟು ಎತ್ತರದಲ್ಲಿದ್ದರೆ ಅದು ತಾನೇ ಸುಧಾರಿಸಿಕೊಳ್ಳುತ್ತದೆ, ನೆಲದ ಹತ್ತಿರ ಅದಕ್ಕೆ ಜಾಗವಿಲ್ಲ. ತೊಡೆಯ ಮೂಳೆ ಮುರಿದಿತ್ತು. ಜೀವ ಉಳಿಯಿತು. ಗಾಳಿ ಹೆಚ್ಚಾದರೆ, ದಿಕ್ಕು ಬದಲಾದರೆ ಏನು ಮಾಡಬೇಕು ಅಂತ ಬೆಳಿಗ್ಗೆ ಹೊಸಬರಿಗೆ ಯಾರಾದರೂ ಹತ್ತು ನಿಮಿಷ ಹೇಳಿದ್ದರೆ ಸಾಕಿತ್ತು. ಅವನನ್ನು ಆಂಬುಲೆನ್ಸ್ ಕರೆದುಕೊಂಡು ಹೋದ ಅರ್ಧ ಗಂಟೆಗೆ ಹಾಡು ಮತ್ತೆ ಶುರುವಾಯಿತು. ಅದರ ಬಗ್ಗೆ ಸಂಜೆ ಯಾರೂ ಮಾತಾಡಲಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಇದು ಹುಚ್ಚರ ಆಟವಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ಈ ಆಟದಲ್ಲಿ ವರ್ಷಕ್ಕೆ ಸರಾಸರಿ ನಲವತ್ತಕ್ಕೂ ಹೆಚ್ಚು ಜನ ಸಾಯುತ್ತಿದ್ದರು. 2023ರಲ್ಲಿ ಸತ್ತವರು 10 ಜನ, ಅದೂ ಮೂವತ್ತಾರು ಲಕ್ಷಕ್ಕೂ ಹೆಚ್ಚು ಹಾರಾಟಗಳಲ್ಲಿ. ಸಲಕರಣೆ ಸುಧಾರಿಸಿತು ಅನ್ನುವುದು ಒಂದು ಕಾರಣ. ಅಲ್ಲಿನ ಪ್ಯಾರಾಚೂಟ್ ಸಂಘದವರು ಪ್ರತಿಯೊಂದು ಅವಘಡವನ್ನೂ ಬರೆದಿಟ್ಟು, ಹೆಸರು ಹೇಳದೆ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿ, ಎಲ್ಲಿ ತಪ್ಪಿತು ಅಂತ ಎಲ್ಲರಿಗೂ ತಿಳಿಸುತ್ತಾ ಬಂದರು ಅನ್ನುವುದು ಇನ್ನೊಂದು ಕಾರಣ. ಈಗ ಆಗುವ ಅಪಘಾತಗಳಲ್ಲಿ ಬಹಳಷ್ಟು ಪ್ಯಾರಾಚೂಟ್ ಸರಿಯಾಗಿ ಬಿಚ್ಚಿದ ಮೇಲೆ, ಇಳಿಯುವಾಗ ಆಗುವಂಥವು. ಅಂದರೆ ಬಟ್ಟೆ, ಹಗ್ಗ ಕೈಕೊಡುವುದು ಕಡಿಮೆ. ಮನುಷ್ಯನ ಲೆಕ್ಕ ತಪ್ಪುವುದೇ ಹೆಚ್ಚು. ಜನ ಹೆಚ್ಚು ಸೇರುವ ಕಡೆ, ಎಲ್ಲರೂ ಎಲ್ಲರನ್ನೂ ನೋಡುತ್ತಿರುವ ಕಡೆ, ಆ ಲೆಕ್ಕ ಬೇಗ ತಪ್ಪುತ್ತದೆ.

ಅವತ್ತು ಸಂಜೆ ಆ ಹಿರಿಯ ಹೆಂಗಸು ನನ್ನ ಡೇರೆ ಹುಡುಕಿಕೊಂಡು ಬಂದರು. "ನಾಳೆ ಬೆಳಿಗ್ಗೆ ಗಾಳಿ ಏಳುವ ಮುಂಚೆ ನಾವಿಬ್ಬರೇ ಹೋಗೋಣ" ಅಂದರು. ಮಾರನೇ ದಿನ ಹೋದೆವು. ನೆಲದ ಮೇಲೆ ಅರ್ಧ ಗಂಟೆ ನಡೆದು ತೋರಿಸಿದರು: ಇಲ್ಲಿಂದ ತಿರುಗಬೇಕು, ಈ ಕಡೆಗೆ ಮುಖ ಮಾಡಿ ಇಳಿಯಬೇಕು, ಗಾಳಿ ತಿರುಗಿದರೆ ಹೀಗೆ. ಅದು ನನ್ನ 39ನೆಯ ಹಾರಾಟ. ನನಗೆ ನೆನಪಿರುವ ಹಾರಾಟ ಅದೊಂದೇ.

ಊರಿಗೆ ಮರಳಿದ ಮೇಲೆ ಆ ಬೂಗಿ ನಡೆಸಿದವರಿಗೆ ಒಂದು ಪತ್ರ ಬರೆದೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಏನಾದರೂ ಕೆಟ್ಟು ನಿಂತರೆ, ಯಾರು ಕೆಡಿಸಿದರು ಅಂತ ಕೇಳುವುದಿಲ್ಲ. ಕೆಡಲು ದಾರಿ ಎಲ್ಲಿತ್ತು ಅಂತ ಕೇಳುತ್ತೇವೆ. ಹಾಗೇ ಬರೆದೆ. ಐದು ಸಲಹೆ ಕೊಟ್ಟಿದ್ದೆ.

ಒಂದು, ನೂರಕ್ಕಿಂತ ಕಡಿಮೆ ಸಲ ಹಾರಿದವರ ಕೈಗೆ ಬೇರೆ ಬಣ್ಣದ ಪಟ್ಟಿ ಕಟ್ಟಿ. ಅವಮಾನ ಮಾಡಲು ಅಲ್ಲ, ಅನುಭವಸ್ಥರು ತಾವೇ ಬಂದು ಮಾತಾಡಿಸಲಿ ಅಂತ. ಎರಡು, ಹೊಸಬರು ಬಂದ ದಿನವೇ ಇಳಿಯುವ ಮೈದಾನವನ್ನು ನಡೆದು ನೋಡದೆ ವಿಮಾನ ಹತ್ತುವಂತಿಲ್ಲ ಅನ್ನಿ. ಮೂರು, ಗಾಳಿ ಎಷ್ಟಾದರೆ ಹೊಸಬರು ನಿಲ್ಲಿಸಬೇಕು ಅನ್ನುವುದನ್ನು ಬೆಳಿಗ್ಗೆಯೇ ಬೋರ್ಡಿನಲ್ಲಿ ಬರೆಯಿರಿ. ವಿಮಾನ ತುಂಬಿದಷ್ಟೂ ಲಾಭ ಆಗುವವರು ಅದನ್ನು ತೀರ್ಮಾನಿಸಬಾರದು. ನಾಲ್ಕು, ವಿಮಾನದಲ್ಲೇ ಇಳಿದು ಬಂದವರಿಗೆ ಟಿಕೆಟ್ ಹಣ ವಾಪಸು ಕೊಡಿ. ನನ್ನದು ಸುಮಾರು 30 ಡಾಲರ್ ಹೋಯಿತು. ನನಗದು ದೊಡ್ಡದಲ್ಲ, ಆದರೆ ಓದುತ್ತಿರುವ ಹುಡುಗನೊಬ್ಬ "ದುಡ್ಡು ಕೊಟ್ಟಾಗಿದೆಯಲ್ಲ" ಅಂತ ಜಿಗಿದುಬಿಡಬಹುದು. ಐದು, ಸಂಜೆ ಹಾಡು ಹಾಕುವ ಮುಂಚೆ ಹದಿನೈದು ನಿಮಿಷ ಎಲ್ಲರೂ ಕೂತು, ಇವತ್ತು ಎಲ್ಲಿ ಸ್ವಲ್ಪದರಲ್ಲಿ ತಪ್ಪಿತು ಅಂತ ಹೇಳಿಕೊಳ್ಳಲಿ. ಮೊದಲು ಹಿರಿಯರೇ ತಮ್ಮ ತಪ್ಪು ಹೇಳಲಿ. ಆಗ ಕಿರಿಯರಿಗೆ ಬಾಯಿ ಬರುತ್ತದೆ.

ಎರಡು ಸಾಲಿನ ಉತ್ತರ ಬಂತು, ಧನ್ಯವಾದ ಅಂತ. ಮುಂದಿನ ವರ್ಷ ಹೋದಾಗ ಗೇಟಿನ ಹತ್ತಿರ ಒಂದು ಮೇಜು ಹಾಕಿ, ಬಣ್ಣದ ಪಟ್ಟಿ ಇಟ್ಟಿದ್ದರು. ಟಿಕೆಟ್ ಹಣ ಮಾತ್ರ ಇವತ್ತಿಗೂ ವಾಪಸು ಕೊಡುವುದಿಲ್ಲ. ಆ ಮೇಜಿನ ಹಿಂದೆ ಆ ವರ್ಷ ನಾನೂ ಅರ್ಧ ದಿನ ಕೂತಿದ್ದೆ.

ಈಗ ಕಿಟಕಿಯಿಂದ ಕೂಗಿದ ಆ ಹುಡುಗನ ವಿಷಯ. ಮೂರು ವರ್ಷ ನಾವು ಒಂದೇ ಬೆಂಚು. ಮಳೆಗಾಲದಲ್ಲಿ ಅವನ ಸೈಕಲ್ಲಿನ ಹಿಂದೆ ಕೂತೇ ನಾನು ಶಾಲೆಗೆ ಬಂದದ್ದು. ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ ಗಣಿತ ಹೋಯಿತು. ಅರ್ಥವಾಗದಿದ್ದರೂ ಇಬ್ಬರೂ "ಆಯ್ತು ಸಾರ್" ಅಂದವರೇ. ನನಗೆ ಮನೆಯಲ್ಲಿ ಹೇಳಿಕೊಡಲು ಅಣ್ಣ ಇದ್ದ, ಅವನಿಗೆ ಯಾರೂ ಇರಲಿಲ್ಲ. ಅವನು ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಇವತ್ತು ಅವನು ಇಲ್ಲಿಲ್ಲ. ಎರಡು ಮೈಲಿ ದೂರದಲ್ಲಿದ್ದಾನೆ, ಹೊಲ ನೋಡಿಕೊಂಡು ಚೆನ್ನಾಗಿಯೇ ಇದ್ದಾನೆ. ನಿನ್ನೆ ಸಂಜೆ ಕರೆಯಲು ಹೋಗಿದ್ದೆ. "ಅದು ಪಾಸಾದೋರ ಹಬ್ಬ ಕಣ್ಲಾ, ನಾನೇನ್ ಬರ್ಲಿ" ಅಂದ. ನನಗೆ ಉತ್ತರ ತೋಚಲಿಲ್ಲ. ಯಾಕೆಂದರೆ ನಮಗೆ ಬಂದ ಆಹ್ವಾನ ಪತ್ರಿಕೆ ಅವನಿಗೆ ಹೋಗಿರಲಿಲ್ಲ. ಪಾಸಾದವರ ಪಟ್ಟಿ ನೋಡಿ ಕಳಿಸಿದ್ದರು.

ಇದರಲ್ಲಿ ಯಾರ ಮನಸ್ಸೂ ಕೆಟ್ಟದ್ದಲ್ಲ. ಸಮಿತಿಯವರು ಆರು ತಿಂಗಳಿಂದ ಹಗಲು ರಾತ್ರಿ ದುಡಿದಿದ್ದಾರೆ, ಅವರಿಗೆ ನಾನು ಕೈಮುಗಿಯುತ್ತೇನೆ. ಬೂಗಿಯವರ ಮನಸ್ಸೂ ಕೆಟ್ಟದ್ದಾಗಿರಲಿಲ್ಲ. ಹೊಸಬನೊಬ್ಬ ಗೇಟಿನಲ್ಲಿ ನಿಂತಿದ್ದಾನೆ ಅನ್ನುವುದು ಅವರಿಗೆ ಕಾಣಲಿಲ್ಲ, ಅಷ್ಟೇ.

ಆದ್ದರಿಂದ ಸಂಪಾದಕ ಮಂಡಳಿಯಲ್ಲಿ ನನ್ನದೊಂದು ವಿನಂತಿ. ನೀವು ತರುತ್ತಿರುವ ಸಂಚಿಕೆಯ ಕೊನೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಇರುತ್ತದೆ ಅಂತ ಕೇಳಿದೆ. ಅದನ್ನು ಪಾಸಾದವರ ಪಟ್ಟಿಯಿಂದ ಮಾಡಬೇಡಿ. ಆಫೀಸಿನ ಬೀರುವಿನಲ್ಲಿ ಅಡ್ಮಿಷನ್ ರಿಜಿಸ್ಟರ್ ಇದೆ. ಐವತ್ತು ವರ್ಷದಲ್ಲಿ ಈ ಬಾಗಿಲು ದಾಟಿ ಒಳಗೆ ಬಂದ ಪ್ರತಿಯೊಬ್ಬರ ಹೆಸರೂ ಅದರಲ್ಲಿದೆ. ನಡುವೆ ಬಿಟ್ಟವರದ್ದು, ಫೇಲಾದವರದ್ದು, ಮದುವೆ ಮಾಡಿ ಕಳಿಸಿದ್ದರಿಂದ ಒಂಬತ್ತಕ್ಕೇ ಓದು ನಿಂತ ಹೆಣ್ಣುಮಕ್ಕಳದ್ದು, ಎಲ್ಲ. ಅದರಿಂದ ಮಾಡಿ. ಹೆಚ್ಚಾಗುವ ಪುಟಗಳ ಅಚ್ಚಿನ ಖರ್ಚು ನನ್ನದು. ಹೆಸರುಗಳನ್ನು ಟೈಪ್ ಮಾಡುವ ಕೆಲಸವನ್ನೂ ನಾನೇ ಮಾಡಿಕೊಡುತ್ತೇನೆ, ನನಗೆ ಬರುವ ಕೆಲಸ ಅದೊಂದೇ.

ಮಕ್ಕಳೇ, ನಿಮಗೊಂದು ಮಾತು. ಅರ್ಥವಾಗದಿದ್ದರೆ "ಇಲ್ಲ ಸಾರ್" ಅನ್ನಿ. ಮೇಷ್ಟ್ರುಗಳೇ, ಹಾಗೆ ಅಂದ ಮಗುವಿಗೆ ದಯವಿಟ್ಟು ಬೈಯಬೇಡಿ. ಆ ವಿಮಾನದಲ್ಲಿ ನನ್ನನ್ನು ಯಾರಾದರೂ ಬೈದಿದ್ದರೆ ನಾನು ಜಿಗಿದುಬಿಡುತ್ತಿದ್ದೆ.

ಸಮಾರಂಭ ಮುಗಿದ ಮೇಲೆ ನಾನು ಊಟಕ್ಕೆ ಇಲ್ಲಿರುವುದಿಲ್ಲ, ಅಡುಗೆಯವರು ಕ್ಷಮಿಸಬೇಕು. ಎರಡು ಎಲೆಯ ಊಟ ಕಟ್ಟಿಸಿಕೊಂಡು ಅವನ ಹೊಲಕ್ಕೆ ಹೋಗುತ್ತಿದ್ದೇನೆ.