ಎಲ್ಲೆಯ ಗೆರೆ ಮತ್ತು ನಮ್ಮ ಎಣಿಕೆ



1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕೂ ನ್ಯಾಲಕಲ್ ವೃತ್ತವೂ ನಿರ್ಣಾ ವೃತ್ತವನ್ನುಳಿದ ಜಹೀರಾಬಾದ ತಾಲ್ಲೂಕೂ ಆಂಧ್ರಪ್ರದೇಶಕ್ಕೆ ಸೇರಿದವು. ಕಲಬುರಗಿಯ ತಾಂಡೂರೂ ಅತ್ತಲೇ ಸಂದಿತು. 1985ರಲ್ಲಿ ಮಂಡಲಗಳಾದವು, 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆ ಹುಟ್ಟಿತು. ನಮ್ಮ ಕೇತಕೀ ಸಂಗಮೇಶ್ವರನು ಮಾತ್ರ ಇದ್ದಲ್ಲಿಯೇ ಇದ್ದಾನೆ!

ಹೀಗಾಗಿ 2011ರ ಜನಗಣತಿಯ ಜಿಲ್ಲಾ ಅಂಕಿಗಳು ಹಳೆಯ ಮೆದಕದವು. ಆ ದೊಡ್ಡ ಮೊತ್ತದಲ್ಲಿ ಗಡಿಯಂಚಿನ ಕನ್ನಡ ಮನೆಗಳು ಸಾಸಿವೆಯಷ್ಟಾಗಿ ತೋರುತ್ತವೆ. ಗ್ರಾಮವಾರು ಪಟ್ಟಿಯಲ್ಲಿ ಮನೆಗಳ, ಅಕ್ಷರಸ್ಥರ, ದುಡಿಯುವವರ ಲೆಕ್ಕವುಂಟು. ಮಾತೃಭಾಷೆಯ ಅಂಕಣವೇ ಇಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿಯು ಹೇಳುತ್ತದೆ. ಆದರೆ ಕನ್ನಡ ಶಾಲೆ ಯಾವ ಊರಿಗೆ ಬೇಕೆಂದು ಕೇಳಿದರೆ ತೋರಿಸಲು ಊರಿನ ಲೆಕ್ಕ ಬೇಡವೇ?

ಆದುದರಿಂದ ಗ್ರಾಮಗಳ ಎಲ್ಲೆಯ ನಕ್ಷೆಯೂ ಭಾಷಾವಾರು ಅಂಕಿಗಳೂ ಶಾಲೆಯ ಬಾಲಕನೂ ತೆರೆದು ನೋಡುವಂತೆ ಮುಕ್ತವಾಗಿ ದೊರೆಯಬೇಕೆಂದು ನಾವು ಕೋರುತ್ತೇವೆ. 2027ರ ಗಣತಿಯಲ್ಲಿ ಕನ್ನಡದ ಮನೆಯವರು ಮಾತೃಭಾಷೆ ಕನ್ನಡವೆಂದೇ ಬರೆಯಿಸಲಿ, ಬರೆದುದನ್ನು ಓದಿಸಿ ಕೇಳಲಿ. ತೆಲುಗು, ಉರ್ದು ಬಲ್ಲೆವೆಂಬುದನ್ನು ಮರೆಮಾಡಬೇಕಾಗಿಲ್ಲ. 2011ರ ಪತ್ರಿಕೆಯಲ್ಲಿ ಬಲ್ಲ ಇತರ ಎರಡು ಭಾಷೆಗಳಿಗೂ ಬೇರೆಯೇ ಸ್ಥಳವಿತ್ತು.