ಮನವಿ ಬೇರೆ, ನಿಲುವು ಬೇರೆ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)

ವೇದಿಕೆಯ ಮೇಲಿರುವ ಟ್ರಸ್ಟ್‌ನ ಹಿರಿಯರಿಗೂ, ದೂರದಿಂದ ಬಂದಿರುವ ದಾನಿಗಳಿಗೂ, ಒಂದು ದಿನದ ಕೂಲಿ ಬಿಟ್ಟು ಮಕ್ಕಳನ್ನು ಕರೆದುಕೊಂಡು ಬಂದಿರುವ ತಂದೆ ತಾಯಂದಿರಿಗೂ, ಮುಂದಿನ ಸಾಲಿನಲ್ಲಿ ಕೂತು ಚೆಕ್ ಯಾವಾಗ ಕೊಡುತ್ತಾರೋ ಎಂದು ನೋಡುತ್ತಿರುವ ಮಕ್ಕಳಿಗೂ ನಮಸ್ಕಾರ. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಮೇಷ್ಟ್ರುಗಳು ಹೀಗೆ ಹೇಳಿ ಒಂದು ಪೀರಿಯಡ್ ಪೂರ್ತಿ ಮಾತಾಡುತ್ತಾರೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು.

ಈ ವರ್ಷದ ಅರ್ಜಿಗಳನ್ನು ಓದಿದವರು ನಾವು ಮೂರ್ನಾಲ್ಕು ಮಂದಿ ನಿವೃತ್ತ ಶಿಕ್ಷಕರು. ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳ ಜೊತೆಗೆ ಒಂದು ಪುಟ ನೀವೇ ಬರೆಯಿರಿ ಎಂದು ಕೇಳಿದ್ದೆವು. ಬಂದ ಪುಟಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. "ನಾವು ತುಂಬಾ ಬಡವರು, ದಯವಿಟ್ಟು ಸಹಾಯ ಮಾಡಿ, ನಿಮ್ಮ ಉಪಕಾರ ಎಂದೂ ಮರೆಯುವುದಿಲ್ಲ." ಮೇಲಿನ ಹೆಸರು ಮುಚ್ಚಿಟ್ಟರೆ ಯಾರದ್ದು ಯಾವುದು ಎಂದು ಹೇಳಲಾಗದು. ತಪ್ಪು ಮಕ್ಕಳದ್ದಲ್ಲ. ಕರಿಹಲಗೆಯ ಮೇಲೆ "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಬರೆದು, ಅದನ್ನೇ ಬಾಯಿಪಾಠ ಮಾಡಿಸಿದವರು ನಾವೇ. ಕೈಕಟ್ಟಿ ನಿಂತು ಬರೆಯುವುದನ್ನು ಕಲಿಸಿದೆವು. ನೆಟ್ಟಗೆ ನಿಂತು ಬರೆಯುವುದನ್ನು ಕಲಿಸಲಿಲ್ಲ.

ಮನವಿ ಬೇರೆ, ನಿಲುವು ಬೇರೆ. ಮನವಿ ಓದುವವರ ಕರುಣೆಯನ್ನು ಕೇಳುತ್ತದೆ, ನಿಲುವಿನ ಬರಹ ಅವರ ವಿವೇಕವನ್ನು ಕೇಳುತ್ತದೆ. ಒಂದು ಪ್ರಶ್ನೆ, ಅದರಲ್ಲಿ ನಮ್ಮ ಪಕ್ಷ ಯಾವುದು, ಯಾಕೆ, ಎದುರಿನವರು ಏನು ಹೇಳುತ್ತಾರೆ, ಅದಕ್ಕೆ ನಮ್ಮ ಉತ್ತರ ಏನು, ಕೊನೆಗೆ ಯಾರು ಏನು ಮಾಡಬೇಕು, ಇಷ್ಟೇ ಅದರ ಮೈಕಟ್ಟು. ಈಗ ಕಾಲೇಜುಗಳಲ್ಲಿ ಮಾದರಿ ವಿಶ್ವಸಂಸ್ಥೆ ಎಂಬ ಸ್ಪರ್ಧೆ ನಡೆಸುತ್ತಾರೆ. ಅಲ್ಲಿ ಒಂದೊಂದು ದೇಶದ ಪರವಾಗಿ ಮಕ್ಕಳು ಇಂಥ ಪತ್ರ ಬರೆಯುತ್ತಾರೆ. ನಮ್ಮ ಭಾನುವಾರದ ತರಗತಿಯ ಮಕ್ಕಳಿಗೆ ನಾವು ದೇಶಗಳನ್ನು ಕೊಡಲಿಲ್ಲ, ಒಂದು ಹುಣಸೆ ಮರ ಕೊಟ್ಟೆವು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನಿಮಗೆಲ್ಲ ಗೊತ್ತು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿಕೊಂಡರೆ ಹನ್ನೆರಡು ಕಿಲೋಮೀಟರ್ ಆಸುಪಾಸು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ, ಮನೆಗಳ ನೆತ್ತಿಯ ಮೇಲೇ ಗೂಡು ಕಟ್ಟುತ್ತವೆ. ಅಲ್ಲಿ ಬೇಲಿ ಇಲ್ಲ, ಗೇಟಿಲ್ಲ. ಮರಗಳಲ್ಲಿ ಬಹಳಷ್ಟು ಖಾಸಗಿಯವರದ್ದು, ಅದರಲ್ಲೂ ಹುಣಸೆ ಹೆಚ್ಚು. ಫೆಬ್ರವರಿಯ ಒಂದು ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, "ಹಕ್ಕಿ ಗೂಡು ಕಟ್ಟಿದ ಮರದ ಮಾಲೀಕನಿಗೆ ಪರಿಹಾರದ ಹಣ ಹೆಚ್ಚಬೇಕೇ, ಬೇಡವೇ? ಒಂದು ಪುಟದಲ್ಲಿ ನಿಮ್ಮ ನಿಲುವು ಬರೆಯಿರಿ" ಎಂದೆವು.

ಒಬ್ಬ ಹುಡುಗಿ ಮೊದಲು ಬರೆದದ್ದು ಹೀಗಿತ್ತು: "ಪರಿಸರವೇ ನಮ್ಮ ಉಸಿರು. ಹಕ್ಕಿಗಳು ನಿಸರ್ಗದ ಆಭರಣ. ಎಲ್ಲರೂ ಹಕ್ಕಿಗಳನ್ನು ಪ್ರೀತಿಸಬೇಕು." ಅಕ್ಷರ ಮುತ್ತಿನಂತಿತ್ತು. ತಪ್ಪೇನೂ ಇರಲಿಲ್ಲ, ಆದರೆ ಒಪ್ಪದವರೇ ಇಲ್ಲದ ಮಾತು ಅದು. ಯಾರೂ ಇಲ್ಲ ಎನ್ನದ ಮಾತಿಗೆ ನಿಲುವು ಎನ್ನುವುದಿಲ್ಲ. "ನೀನು ಹೀಗೆ ಬರೆದರೆ ಯಾರಿಗೆ ಸಿಟ್ಟು ಬರುತ್ತದಮ್ಮಾ?" ಎಂದು ಕೇಳಿದೆವು. "ಯಾರಿಗೂ ಬರಲ್ಲ ಸಾರ್" ಅಂದಳು. "ಹಾಗಾದರೆ ಯಾರನ್ನೂ ಒಪ್ಪಿಸುವ ಕೆಲಸವೂ ಇಲ್ಲ" ಎಂದು ಹೇಳಿ ಅವಳನ್ನು ಊರೊಳಕ್ಕೆ ಕಳಿಸಿದೆವು.

ಅವಳು ಒಂದು ಜಗಲಿಯ ಮೇಲೆ ಕೂತಿದ್ದ ಅಜ್ಜನನ್ನು ಹಿಡಿದಳು. ಈ ಹಕ್ಕಿಗಳನ್ನು ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳು ಎಂದು ಆ ಊರಿನವರು ಹೇಳುವುದು ಹಳೆಯ ಮಾತು. ಅದನ್ನೇ ಬರೆದುಕೊಳ್ಳಲು ಅವಳು ಪೆನ್ನು ತೆಗೆದಾಗ ಅಜ್ಜ ನಮ್ಮ ಕಡೆ ತಿರುಗಿ ಹೇಳಿದರು: "ಹೆರ್ಗೆಗೆ ಬಂದ ಮಗಳ ಖರ್ಚ ಯಾರಾದ್ರೂ ಲೆಕ್ಕ ಹಾಕ್ತಾರಾ ಮೇಷ್ಟ್ರೇ? ಹಾಕಕಿಲ್ಲ. ಅಂಗಂತ ಖರ್ಚೇ ಆಗಕಿಲ್ಲ ಅಂತಾನಾ?"

ಅವತ್ತಿನ ಪಾಠ ಮಾಡಿದವರು ಆ ಅಜ್ಜ. ಖರ್ಚು ಏನು ಎಂದು ಹುಡುಗಿ ಕೇಳುತ್ತಾ ಹೋದಳು. ಹುಣಸೆ ಬಡಿಯುವ ಕಾಲವೂ ಮರಿಗಳು ಗೂಡಿನಲ್ಲಿರುವ ಕಾಲವೂ ಒಂದೇ. ಕೊಂಬೆ ಅಲ್ಲಾಡಿಸಿದರೆ ಮರಿ ಬೀಳುತ್ತದೆ. ಹಾಗಾಗಿ ಹಣ್ಣು ಮರದಲ್ಲೇ ಉಳಿಯುತ್ತದೆ, ಇಲ್ಲವೇ ಕೆಡುತ್ತದೆ. ಅಂಗಳದ ತುಂಬ ಹಿಕ್ಕೆ, ಮೀನಿನ ವಾಸನೆ. ಮನೆ ದೊಡ್ಡದು ಮಾಡಬೇಕೆಂದರೆ ಮರ ಅಡ್ಡ, ಕಡಿಯಲು ಮನಸ್ಸಿಲ್ಲ. ಇವು ಕಣ್ಣಿಗೆ ಕಾಣುವ ಸಂಗತಿಗಳು. ಇವು ಸಿಕ್ಕ ಮೇಲೆ ಅವಳ ಮೊದಲ ಸಾಲು ಬದಲಾಯಿತು: "ಹಕ್ಕಿಗಾಗಿ ಹುಣಸೆ ಬಡಿಯದೆ ಬಿಟ್ಟ ಮಾಲೀಕನಿಗೆ, ಬಿಟ್ಟ ಹಣ್ಣಿನ ಅಂದಿನ ಮಾರುಕಟ್ಟೆ ಬೆಲೆಗೆ ತಕ್ಕಂತೆ ಪರಿಹಾರ ಸಿಗಬೇಕು." ಈ ಸಾಲಿಗೆ ಹೌದು ಎನ್ನಬಹುದು, ಇಲ್ಲ ಎನ್ನಬಹುದು. ಹಾಗಾಗಿ ಇದು ನಿಲುವು.

ಇನ್ನು ಆಧಾರ. ಕೇಳಿದ್ದು, ಕಂಡದ್ದು, ಓದಿದ್ದು, ಈ ಮೂರನ್ನೂ ಬೇರೆ ಬೇರೆ ಇಡಬೇಕೆಂದು ಹೇಳಿದೆವು. ಹಳೆಯ ಊರು ಶಿಂಷಾ ನದಿಯ ಕಡೆ ಇತ್ತು, ಪ್ಲೇಗ್ ಬಂದು ಜನ ಊರು ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂಬುದು ಕೇಳಿದ್ದು. ಅದನ್ನು "ಹಿರಿಯರು ಹೇಳುತ್ತಾರೆ" ಎಂದೇ ಬರೆಯಬೇಕು. ಮರದ ಕೆಳಗೆ ಗುಂಡಿ ತೋಡಿ, ಕೆರೆಗೋಡು ಹಾಕಿ, ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡುವುದು ಕಂಡದ್ದು. ಓದಿ ತಿಳಿಯಬೇಕಾದದ್ದೂ ಇದೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಈ ಊರಿನ ಹಕ್ಕಿಗಳನ್ನು ಹೊರಜಗತ್ತಿನ ಗಮನಕ್ಕೆ ತಂದರು. ಹೆಜ್ಜಾರ್ಲೆ ಬಳಗದ ಯುವಕರು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುತ್ತಾ ಬಂದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದು, ಜನ ತಾವಾಗಿಯೇ ಕಾಪಾಡುತ್ತಿರುವ ಖಾಸಗಿ ಮತ್ತು ಸಮುದಾಯದ ಜಾಗಗಳಿಗೂ ಕಾನೂನಿನಲ್ಲಿ ಒಂದು ಹೆಸರು ಸಿಕ್ಕಿತು. ಆ ಹೆಸರು ಸಮುದಾಯ ಮೀಸಲು. 2007ರಲ್ಲಿ ಕೊಕ್ಕರೆ ಬೆಳ್ಳೂರಿಗೆ ಆ ಹೆಸರು ಬಂತು. ಕಾನೂನು ಜನರಿಗೆ ಹೊಸದಾಗಿ ಪ್ರೀತಿ ಕಲಿಸಲಿಲ್ಲ, ಇದ್ದ ಪ್ರೀತಿಯನ್ನು ದಾಖಲೆಗೆ ತಂದಿತು. ದಾಖಲೆಯಲ್ಲಿ ಇಲ್ಲದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಕ್ಕಳಿಗೆ ನಾವು ಒತ್ತಿ ಹೇಳಿದ್ದು ಇದನ್ನೇ.

ಹುಡುಗಿಗೆ ಒಂದು ಅಂಕಿ ಸಿಗಲಿಲ್ಲ. ಒಂದು ಮರಕ್ಕೆ ವರ್ಷಕ್ಕೆ ಎಷ್ಟು ಹಣ ಬರುತ್ತದೆ ಎಂದು ಒಂದೊಂದು ಮನೆಯಲ್ಲಿ ಒಂದೊಂದು ಹೇಳಿದರು. ಅವಳು ಆ ಜಾಗವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ "ಇಲಾಖೆಯಿಂದ ಕೇಳಿ ತಿಳಿಯಬೇಕು" ಎಂದು ಪೆನ್ಸಿಲ್‌ನಲ್ಲಿ ಬರೆದಳು. ಅವಳ ಪುಟದಲ್ಲಿ ನಮಗೆ ಅತ್ಯಂತ ಇಷ್ಟವಾದದ್ದು ಆ ಖಾಲಿ ಜಾಗ. ಕೇಳುವ ದಾರಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು, ಬಡತನ ರೇಖೆಗಿಂತ ಕೆಳಗಿರುವವರಿಗೆ ಆ ಹತ್ತು ರೂಪಾಯಿಯೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಅಡಕವಾಗಿ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲ.

ಆಮೇಲೆ ಎಲ್ಲಕ್ಕಿಂತ ಕಷ್ಟದ ಭಾಗ. "ಈಗ ನಿನ್ನ ಎದುರಾಳಿಯ ಪರವಾಗಿ ಬರೆ" ಎಂದೆವು. ಮುಖ ಸಪ್ಪೆ ಮಾಡಿಕೊಂಡಳು. ಎದುರಾಳಿಯನ್ನು ದಡ್ಡನೆಂದು ತೋರಿಸಿ ಗೆಲ್ಲುವುದು ಸುಲಭ. ಓದುವ ಅಧಿಕಾರಿ ಮಾತ್ರ ದಡ್ಡನಲ್ಲ. ಅವನ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ನಾವೇ ಮೊದಲು ಎತ್ತಿದರೆ ಅವನಿಗೆ ನಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ. ಅವಳು ಎರಡು ಆಕ್ಷೇಪ ಹುಡುಕಿದಳು. ಮಾಲೀಕನಿಗೆ ಗೊಬ್ಬರ ಸಿಗುತ್ತದಲ್ಲ, ಮತ್ತೇಕೆ ಹಣ ಎಂಬುದು ಮೊದಲನೆಯದು. ಗೊಬ್ಬರದಿಂದ ಲಾಭವಿದೆ ಎಂದು ಒಪ್ಪಿಕೊಂಡಳು. ಆದರೆ ಹೊಲ ಇದ್ದವನಿಗೆ ಮಾತ್ರ ಗೊಬ್ಬರ ಗೊಬ್ಬರ, ಹೊಲವಿಲ್ಲದೆ ಮರ ಮಾತ್ರ ಇರುವವನಿಗೆ ಹುಣಸೆಹಣ್ಣೇ ಆದಾಯ ಎಂದಳು. ದುಡ್ಡು ಬಂದರೆ ಪ್ರೀತಿ ಹೋಗುತ್ತದೆ ಎಂಬುದು ಎರಡನೆಯದು. ಅದಕ್ಕೆ ಅಜ್ಜನ ಮಾತನ್ನೇ ಉತ್ತರವಾಗಿ ಇಟ್ಟಳು. ದುಡ್ಡು ಬರುವ ಮುಂಚಿನಿಂದಲೂ ಹಕ್ಕಿ ಕಾದವರು ಇವರು, ಪರಿಹಾರವೆಂದರೆ ಪ್ರೀತಿಯ ಬೆಲೆಯಲ್ಲ, ಹೊರೆಯಲ್ಲಿ ಪಾಲು ಎಂದು ಬರೆದಳು. ಹದಿನೇಳು ವರ್ಷದ ಹುಡುಗಿ.

ಇಷ್ಟು ಹೇಳಿ ನಾವೇನೋ ಇದರಲ್ಲಿ ಪಂಡಿತರೆಂದು ತಿಳಿಯಬೇಡಿ. ನಾವು ಕಲಿತದ್ದು ತಡವಾಗಿ, ಅದಕ್ಕೆ ಬೆಲೆ ತೆತ್ತವರು ಬೇರೆಯವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಉಚಿತವಾಯಿತು. ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ಟಿಕೆಟ್ ಉಚಿತ, ಆದರೆ ಬೆಳಗಿನ ಬಸ್ಸು ಕಾಲೇಜು ತಲುಪುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ತಾಯಂದಿರು ಬಂದು, "ನೀವು ಬಿಎಡ್ ಓದಿದವರು, ಒಂದು ಅರ್ಜಿ ಬರೆದುಕೊಡಿ ಸಾರ್" ಅಂದರು. ಎರಡು ಪುಟ ಬರೆದೆವು. ಸ್ತ್ರೀ ಶಿಕ್ಷಣದ ಮಹತ್ವ, ಅಲ್ಪಸಂಖ್ಯಾತ ಹೆಣ್ಣುಮಕ್ಕಳ ಕಷ್ಟ, ಅಧಿಕಾರಿಗಳ ಕರುಣಾಳು ಹೃದಯ ಎಲ್ಲವೂ ಅದರಲ್ಲಿತ್ತು. ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ, ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಮಕ್ಕಳು ಎಂಬುದು ಇರಲಿಲ್ಲ! ತಿಂಗಳುಗಳು ಕಳೆದವು, ಉತ್ತರ ಬರಲಿಲ್ಲ. ಉತ್ತರ ಕೊಡಲು ಅದರಲ್ಲಿ ಪ್ರಶ್ನೆಯೇ ಇರಲಿಲ್ಲ ಎಂದು ನಮಗೆ ಹೊಳೆದದ್ದು ಆಮೇಲೆ.

ಎರಡನೆಯ ಸಲ ಒಂದೇ ಪುಟ ಬರೆದೆವು. ಕಾಲೇಜಿಗೆ ಹೋಗುವ ಹುಡುಗಿಯರು 14. ಹೊಸ ಬಸ್ಸು ಬೇಡ, ಇರುವ ಬಸ್ಸೇ 45 ನಿಮಿಷ ಮುಂಚೆ ಹೊರಡಲಿ. ಹಾಗೆ ಮಾಡಿದರೆ ಈಗಿನ ಪ್ರಯಾಣಿಕರಿಗೆ ತೊಂದರೆಯಲ್ಲವೇ ಎಂಬುದು ಎದುರಿನ ಪ್ರಶ್ನೆ. ಅದಕ್ಕಾಗಿ ಸಂತೆಗೆ ಹೋಗುವವರನ್ನೂ ಹಾಲಿನ ಡೇರಿಯ ಹತ್ತಿರ ನಿಲ್ಲುವವರನ್ನೂ ಕೇಳಿ, ಒಪ್ಪಿದವರ ಸಹಿ ಹಾಕಿಸಿ ಲಗತ್ತಿಸಿದೆವು. ಸಮಯ ಬದಲಾಯಿತು. ಆದರೆ ಮೊದಲ ಅರ್ಜಿಯ ಹೊತ್ತಿಗೆ ಹುಡುಗಿಯರು 15 ಇದ್ದರು. ಹಾಜರಾತಿ ಕಡಿಮೆಯಾಗಿ ಒಬ್ಬಳು ನಡುವೆ ಬಿಟ್ಟಳು. ಅವಳು ಮತ್ತೆ ಕಾಲೇಜಿಗೆ ಬರಲಿಲ್ಲ. ಈಗ ಆ ಬಸ್ಸು ಅವಳ ಮನೆಯ ಮುಂದೆಯೇ ಹೋಗುತ್ತದೆ. ನಮ್ಮ ಎರಡು ಪುಟದ ಚಂದದ ಕನ್ನಡ ಅವಳ ಒಂದು ವರ್ಷವನ್ನು ತಿಂದುಹಾಕಿತು ಎಂಬ ಅಳುಕು ನಮಗೆ ಇಂದಿಗೂ ಹೋಗಿಲ್ಲ.

ದಾನಿಗಳಿಗೆ ಒಂದು ಮಾತು. ನೂರು ವರ್ಷದ ಹಿಂದೆ, 1918ರಲ್ಲಿ, ಮೈಸೂರು ಸಂಸ್ಥಾನದ ಹಿಂದುಳಿದ ಸಮುದಾಯಗಳ ಮುಖಂಡರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಒಂದು ಮನವಿಪತ್ರ ಇಟ್ಟರು. ಅವರಲ್ಲಿ ಮುಸ್ಲಿಮರೂ ಇದ್ದರು. ಸರ್ಕಾರಿ ಕೆಲಸಗಳಲ್ಲಿ ತಮ್ಮವರು ಎಷ್ಟು ಕಡಿಮೆ ಎಂದು ಎತ್ತಿ ತೋರಿಸಿದರು. ಅದರ ಫಲವಾಗಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ರಚನೆಯಾಯಿತು, 1919ರಲ್ಲಿ ವರದಿ ಬಂತು. ಓದುವ ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಬೇಕೆಂಬ ಮಾತು ಆ ವರದಿಯಲ್ಲಿತ್ತು. ಹೆಸರು ಮನವಿಪತ್ರವಾದರೂ ಅದು ನಿಲುವಿನ ಬರಹವೇ. ಆ ಮುಖಂಡರು ಬರೀ ಕಣ್ಣೀರು ಹಾಕಿದ್ದರೆ ಸಮಿತಿ ಆಗುತ್ತಿತ್ತೇ? ನೀವು ಕೊಡುವ ಹಣ ಫೀಸಿಗೆ ಹೋಗುತ್ತದೆ, ಪುಸ್ತಕಕ್ಕೆ ಹೋಗುತ್ತದೆ. ಅದರ ಜೊತೆಗೆ ನಾಳೆ ಊರಿನ ನೀರಿಗೆ, ರಸ್ತೆಗೆ, ಬಸ್ಸಿಗೆ ಒಂದು ಪುಟ ಬರೆಯಬಲ್ಲ ಒಬ್ಬ ಹುಡುಗಿ ಮನೆಗೊಬ್ಬಳು ತಯಾರಾದರೆ ನಿಮ್ಮ ಹಣ ಬಡ್ಡಿಯಿಲ್ಲದೆಯೇ ಬೆಳೆಯುತ್ತದೆ.

ಮಕ್ಕಳಿಗೆ, ಅವರ ತಂದೆ ತಾಯಂದಿರಿಗೆ ಕೊನೆಯ ಮಾತು. ಮುಂದಿನ ವರ್ಷದ ಅರ್ಜಿಯ ಜೊತೆಗೂ ಒಂದು ಪುಟ ಇರಬೇಕು. ನೀವು ಬಡವರೆಂದು ಆದಾಯ ಪ್ರಮಾಣಪತ್ರವೇ ಹೇಳುತ್ತದೆ, ಅದನ್ನು ಮತ್ತೆ ಬರೆಯಬೇಡಿ. ನಿಮ್ಮ ಬೀದಿಯ, ಶಾಲೆಯ, ಊರಿನ ಒಂದು ಪ್ರಶ್ನೆ ಆರಿಸಿಕೊಳ್ಳಿ. ಪ್ರಶ್ನೆ ಸಣ್ಣದಿರಲಿ. ಮೊದಲ ಸಾಲಿನಲ್ಲೇ ನಿಮ್ಮ ಪಕ್ಷ ಹೇಳಿ. ಎರಡು ಆಧಾರ ಕೊಡಿ, ಒಂದಾದರೂ ನೀವೇ ಹೋಗಿ ಕಂಡದ್ದು ಅಥವಾ ಕೇಳಿದ್ದು ಆಗಿರಲಿ. ಒಪ್ಪದವರ ಒಳ್ಳೆಯ ಮಾತನ್ನು ಅವರೇ ಮೆಚ್ಚುವಂತೆ ಬರೆದು, ಆಮೇಲೆ ಉತ್ತರ ಕೊಡಿ. ಕೊನೆಯಲ್ಲಿ ಯಾರು, ಏನು, ಎಂದಿನೊಳಗೆ ಮಾಡಬೇಕೆಂದು ಹೇಳಿ. ಗೊತ್ತಿಲ್ಲದ ಅಂಕಿಯ ಜಾಗ ಖಾಲಿ ಬಿಡಿ, ಅದಕ್ಕೆ ಅಂಕ ಕಳೆಯುವುದಿಲ್ಲ. ಬರೆದದ್ದನ್ನು ಅಮ್ಮಿಗೋ ಅಬ್ಬಾಗೋ ಗಟ್ಟಿಯಾಗಿ ಓದಿ ಹೇಳಿ. ಅವರಿಗೆ ಅರ್ಥವಾಗದ ಸಾಲು ಅಧಿಕಾರಿಗೂ ಅರ್ಥವಾಗುವುದಿಲ್ಲ. ಬೇರೆಯವರಿಂದ ಬರೆಸಿಕೊಂಡು ಬರಬೇಡಿ. ಮೂವತ್ತು ವರ್ಷ ಹೋಂವರ್ಕ್ ತಿದ್ದಿದವರು ನಾವು, ಗೊತ್ತಾಗಿಬಿಡುತ್ತದೆ. ಬರೆಯಲು ತೊಡಕಾದವರು ಭಾನುವಾರದ ತರಗತಿಗೆ ಬನ್ನಿ, ಕೂತು ತಿದ್ದೋಣ.

ಹುಣಸೆ ಮರದ ಹುಡುಗಿ ತನ್ನ ಪುಟದ ಖಾಲಿ ಜಾಗ ತುಂಬಲು ಮಾಹಿತಿ ಹಕ್ಕಿನ ಅರ್ಜಿ ಸಿದ್ಧ ಮಾಡಿದ್ದಾಳೆ. ಮೊದಲು 212 ಪದ ಇತ್ತು. ನಿನ್ನೆ ಸಂಜೆ ತಂದು ತೋರಿಸಿದಳು, 148. ನಾವು ಒಂದಕ್ಷರವನ್ನೂ ತಿದ್ದದೆ ವಾಪಸ್ ಕೊಟ್ಟೆವು.