ಸರಕಾರಿ ಅಭಿಯೋಜಕನ ಧರ್ಮ



ಫೌಜದಾರಿ ನ್ಯಾಯಾಲಯದಲ್ಲಿ ರಾಜ್ಯದ ಪರವಾಗಿ ಖಟ್ಲೆಯನ್ನು ನಡೆಸುವ ಅಧಿಕಾರಿಗೆ ಸರಕಾರಿ ಅಭಿಯೋಜಕನೆಂದು ಹೆಸರು. ಬಳಕೆಯ ಮಾತಿನಲ್ಲಿ ಇವನು ಸರಕಾರಿ ವಕೀಲನು. ಇವನು ಪೋಲೀಸರ ಪಕ್ಷದವನೆಂದೂ, ಸರಕಾರವು ನುಡಿಸಿದಂತೆ ನುಡಿಯುವವನೆಂದೂ, ಆರೋಪಿಗೆ ಶಿಕ್ಷೆಯಾದರೇ ಇವನಿಗೆ ಜಯವೆಂದೂ ಜನರಲ್ಲಿ ಒಂದು ಭಾವನೆಯು ಬೇರೂರಿರುವದು. ಇದು ಸರ್ವಥಾ ಸಾಧುವಲ್ಲ.

ಜನರು ಹಾಗೆ ತಿಳಿಯುವದಕ್ಕೆ ಕಾರಣವಿಲ್ಲದಿಲ್ಲ. 1973ನೆಯ ಇಸವಿಯ ದಂಡ ಪ್ರಕ್ರಿಯಾ ಸಂಹಿತೆಗೆ ಪೂರ್ವದಲ್ಲಿ ಮ್ಯಾಜಿಸ್ಟ್ರೇಟರ ಕೋರ್ಟುಗಳಲ್ಲಿ ಬಹುಮಟ್ಟಿಗೆ ಪೋಲೀಸು ಅಧಿಕಾರಿಗಳೇ ಖಟ್ಲೆಗಳನ್ನು ನಡೆಸುತ್ತಿದ್ದರು. ಹಿಡಿದು ತಂದವನೇ ನಿಂತು ವಾದಿಸಿದರೆ ತನ್ನ ತನಿಖೆಯಲ್ಲಿಯ ಲೋಪವನ್ನು ಅವನು ಹೇಗೆ ಕಂಡಾನು? ಆ ಸಂಹಿತೆಯು ಈ ಕಾರ್ಯವನ್ನು ಪೋಲೀಸರಿಂದ ಬೇರ್ಪಡಿಸಿತು. ಕನಿಷ್ಠ ಏಳು ವರ್ಷ ವಕೀಲಿಯನ್ನು ಮಾಡಿದವನೇ ಸೆಶನ್ಸ್ ನ್ಯಾಯಾಲಯದ ಅಭಿಯೋಜಕನಾಗಲು ಅರ್ಹನೆಂಬ ನಿಯಮವನ್ನು 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಉಳಿಸಿಕೊಂಡಿರುವದು. ಹೇಗಾದರೂ ಮಾಡಿ ಶಿಕ್ಷೆ ಕೊಡಿಸಬೇಕೆಂಬ ತೃಷೆಯು ಅಭಿಯೋಜಕನಿಗೆ ಸಲ್ಲದು, ಆರೋಪಿಗೆ ಅನುಕೂಲವಾದ ಅಂಶವಿದ್ದರೆ ಅದನ್ನು ಮರೆಮಾಚಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಸ್ಪಷ್ಟವಾಗಿ ತಿಳಿಸಿತು.

ಇವನ ಅಧಿಕಾರಗಳಲ್ಲಿ ಅತ್ಯಂತ ಕಠಿಣವಾದದ್ದು ಖಟ್ಲೆಯನ್ನು ಹಿಂತೆಗೆದುಕೊಳ್ಳುವ ಅಧಿಕಾರ. ನ್ಯಾಯಾಲಯದ ಸಮ್ಮತಿಯನ್ನು ಪಡೆದು ಅಭಿಯೋಜಕನು ಹಿಂದೆ ಸರಿದರೆ, ದೋಷಾರೋಪಣೆಗೆ ಮೊದಲಾದಲ್ಲಿ ಆರೋಪಿಯು ಬಿಡುಗಡೆ ಹೊಂದುವನು. ನಂತರವಾದಲ್ಲಿ ನಿರ್ದೋಷಿಯೇ ಎನ್ನಿಸಿಕೊಳ್ಳುವನು. ಕಾನೂನು ಈ ಅಧಿಕಾರವನ್ನು ಮಂತ್ರಿಗಾಗಲಿ ಕಲೆಕ್ಟರನಿಗಾಗಲಿ ಕೊಡದೆ ಅಭಿಯೋಜಕನ ಕೈಯಲ್ಲಿಟ್ಟಿತು. ಸರಕಾರವು ಸಲಹೆಯನ್ನು ಕೊಡಬಹುದು. ಕಡತವನ್ನು ಓದಿ ನಿಶ್ಚಯಿಸತಕ್ಕವನು ಅವನೇ.

ಈ ಮಾತಿಗೆ ಕರ್ನಾಟಕವೇ ಪರೀಕ್ಷಾಸ್ಥಾನವಾಯಿತು. 2000ನೆಯ ಇಸವಿ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಗಾಜನೂರಿನಿಂದ ನಟಸಾರ್ವಭೌಮ ರಾಜಕುಮಾರರನ್ನು ಅಪಹರಿಸಿದನು. ಮೈಸೂರಿನ ಸೆರೆಯಲ್ಲಿದ್ದ ತನ್ನ ಸಂಗಡಿಗರ ಬಿಡುಗಡೆಯು ಅವನ ಬೇಡಿಕೆಗಳಲ್ಲೊಂದು. ಇವರ ಮೇಲೆ ಟಾಡಾ ಎಂಬ ಉಗ್ರ ಕಾಯಿದೆಯ ಆರೋಪವಿದ್ದುದರಿಂದ ಜಾಮೀನು ದುರ್ಲಭವಾಗಿದ್ದಿತು. ಸರಕಾರದ ನಿರ್ಣಯದಂತೆ ವಿಶೇಷ ಅಭಿಯೋಜಕನು ಆ ಆರೋಪಗಳನ್ನು ಹಿಂತೆಗೆದುಕೊಳ್ಳಲು ಅರ್ಜಿಯಿತ್ತನು. ಗಡಿಸೀಮೆಯಲ್ಲಿ ಶಾಂತಿಯು ನೆಲಸಬೇಕೆಂಬ ಕಾರಣವು ಅದರಲ್ಲಿದ್ದಿತು. ಮೈಸೂರಿನ ವಿಶೇಷ ನ್ಯಾಯಾಲಯವು ಸಮ್ಮತಿಸಿತು.

ಆಗ ವೀರಪ್ಪನ್ ತಂಡಕ್ಕೆ ಬಲಿಯಾಗಿದ್ದ ಪೋಲೀಸು ಅಧಿಕಾರಿಯೊಬ್ಬನ ತಂದೆಯು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದನು. ಒಂದೆಡೆ ನಾಡೆಲ್ಲ ಹಂಬಲಿಸುತ್ತಿದ್ದ ಕಲಾವಿದನ ಪ್ರಾಣ. ಮತ್ತೊಂದೆಡೆ ಮಗನನ್ನು ಕಳಕೊಂಡವನ ಪ್ರಶ್ನೆ. ಸರಕಾರದ ಭೀತಿಯು ಹುಸಿಯಾದುದೆಂದು ಯಾರೂ ಹೇಳಲಾರರು. ಆ ದಿನಗಳ ಬೆಂಗಳೂರನ್ನು ಕಂಡವರಂತೂ ಹೇಳಲಾರರು. ಆದರೂ ನ್ಯಾಯಾಲಯವು ನವೆಂಬರ್ 7ರಂದು ಆ ಸಮ್ಮತಿಯನ್ನು ರದ್ದುಪಡಿಸಿತು. ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಅಭಿಯೋಜಕನು ತಾನಾಗಿ ಪರಿಶೀಲಿಸಿ, ಸ್ವಬುದ್ಧಿಯಿಂದ ನಿರ್ಣಯಿಸಿದನೆಂಬುದು ಅಲ್ಲಿ ಕಂಡುಬರಲಿಲ್ಲವೆಂಬುದೇ ಮುಖ್ಯ ಕಾರಣವು. ಒಂದು ವಾರದ ಮೇಲೆ, ನವೆಂಬರ್ 15ರಂದು, 108 ದಿನಗಳ ಸೆರೆಯಿಂದ ರಾಜಕುಮಾರರು ಬಿಡುಗಡೆ ಹೊಂದಿದರು. ಅವರು ಸುಕ್ಷೇಮವಾಗಿ ಮರಳಿದ್ದರಿಂದ ಈ ತೀರ್ಪನ್ನು ಹೊಗಳುವದು ಸುಲಭವಾಯಿತು. ಮರಳದೆ ಹೋಗಿದ್ದರೂ ತೀರ್ಪಿನ ನ್ಯಾಯವು ಅದೇ ಆಗಿರುತ್ತಿತ್ತೆಂದು ಒಪ್ಪಿಕೊಳ್ಳಲು ಎದೆಗಾರಿಕೆ ಬೇಕು.

ದಿನನಿತ್ಯದ ಖಟ್ಲೆಗಳಲ್ಲಿ ಇಂಥ ಗದ್ದಲವಿರುವದಿಲ್ಲ. ಸಾಕ್ಷಿಯು ಪೋಲೀಸರ ಮುಂದೆ ಹೇಳಿದ್ದನ್ನು ಕಟಕಟೆಯಲ್ಲಿ ಅಲ್ಲಗಳೆಯುವನು. ಅಭಿಯೋಜಕನು ಅವನನ್ನು ಪ್ರತಿಕೂಲ ಸಾಕ್ಷಿಯೆಂದು ಕರೆದು, ನ್ಯಾಯಾಧೀಶರ ಅನುಮತಿಯಿಂದ ಪಾಟೀಸವಾಲು ಮಾಡುವನು. ಅಂದು ಅವನು ಹೆದರಿ ಹೇಳಿದನೋ, ಇಂದು ಹೆದರಿ ಹೇಳುತ್ತಿರುವನೋ ಎಂಬುದನ್ನು ಅರಿಯುವದು ಗ್ರಂಥಪಾಂಡಿತ್ಯದಿಂದ ಸಾಧ್ಯವಾಗದು.

ಹೊಸ ಸಂಹಿತೆಯ 360ನೆಯ ಕಲಮಿನಲ್ಲಿ ಒಂದು ಮಾತನ್ನು ಸೇರಿಸಿರುವರು. ನೊಂದವರಿಗೆ ತಮ್ಮ ಅಹವಾಲನ್ನು ಹೇಳಲು ಅವಕಾಶ ಕೊಡದ ಹೊರತು ಖಟ್ಲೆಯ ಹಿಂತೆಗೆತಕ್ಕೆ ಯಾವ ನ್ಯಾಯಾಲಯವೂ ಸಮ್ಮತಿಸಕೂಡದು. ನೊಂದವರೆಂಬಲ್ಲಿ ಮೃತನ ವಾರಸುದಾರರೂ ಸೇರುವರು. 2000ರಲ್ಲಿ ದಿಲ್ಲಿಯವರೆಗೆ ಹೋಗಬೇಕಾದ ಆ ತಂದೆಯಂಥವರ ಮಾತನ್ನು ಇನ್ನು ಮೈಸೂರಿನಲ್ಲಿಯೇ, ಅಭಿಯೋಜಕನ ಎದುರಿನಲ್ಲಿಯೇ, ಕೇಳಬೇಕಾಗುವದು.